ಕೆಂಪಾಗದ ಬಿಸ್ಕೀಟು

೧೦ ಅಕ್ಟೋಬರ್ ೧೯೮೩, ಸೋಮವಾರ
ಜಮಖಂಡಿ

ಪತ್ತಿನ ಸಂಘದವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು. ಇವತ್ತು ತೆಗೆದೆ. ಮನೆಯಲ್ಲಿ ಯಾರ ಮುಂದೆಯೂ ಆಡಲಾಗದ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಎಲ್ಲಾದರೂ ಕಕ್ಕಬೇಕು.

ಸೊಸೆ ಮಾದೇವಿಗೆ ಬಿಳಗಿಯ ಒಂದು ಸಾಲೆಯಲ್ಲಿ ಶಿಕ್ಷಕಿಯ ನೌಕರಿ ಸಿಕ್ಕಿದೆ. ಆರ್ಡರು ಬಂತು. ದೀಪಾವಳಿ ಸೂಟಿ ಮುಗಿದ ಮೇಲೆ ಹಾಜರಾಗಬೇಕಂತೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳಂತೆ. ಮಗ ಶಿವಯೋಗೆಪ್ಪ ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಚಪ್ಪಲಿ ಮೆಟ್ಟಿಕೊಂಡು ಬ್ಯಾಂಕಿಗೆ ಹೋಗಿಬಿಟ್ಟ. ನಮ್ಮವರು, ಅಂದರೆ ಅಣ್ಣಾಸಾಹೇಬರು (ಗಂಡನ ಹೆಸರು ಹೇಳಬಾರದು ಅಂತಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ), "ಮನಿ ಒಳಗಿಂದು ನೀ ನೋಡ್ಕೊ ಶಿವವ್ವಾ" ಅಂದು ತಮ್ಮ ಬೆಲ್ಲದ ಅಂಗಡಿಗೆ ಹೊರಟರು.

ನೋಡಿಕೊಂಡೆ. "ಈ ಮನಿ ಸೊಸಿ ಬಸ್ಸಿನ್ಯಾಗ ಜೋತಾಡ್ಕೋತ ನೌಕರಿಗಿ ಹೋಗೂದಿಲ್ಲ" ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ.

"ಆತ್ರಿ ಅತ್ತಿ" ಅಂದಳು ಮಾದೇವಿ. ಅತ್ತಿದ್ದರೆ ನನಗೆ ಸುಲಭವಿತ್ತು. ಅಳಲಿಲ್ಲ. ಆರ್ಡರನ್ನು ನಾಲ್ಕು ಮಡಿಕೆ ಮಾಡಿ ದೇವರ ಜಗಲಿಯ ಮೇಲೆ ಲಿಂಗದ ಪಕ್ಕ ಇಟ್ಟು ನಮಸ್ಕಾರ ಮಾಡಿದಳು. ಅಲ್ಲಿಂದ ನಾನು ಹೇಗೆ ತೆಗೆಯಲಿ? ಪೂಜೆಗೆ ಕೂತಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಈ ಹುಡುಗಿ ಕಾಣಿಸಿದಷ್ಟು ಮೆತ್ತಗಿಲ್ಲ.

೧೪ ಅಕ್ಟೋಬರ್

ಇವತ್ತು ಪಂಥ ಕಟ್ಟಿದೆ. ಗೆಲ್ಲುವ ಪಂಥ.

ದೀಪಾವಳಿ ಫರಾಳದ ಮಾತು ಬಂತು. ಕರ್ಚಿಕಾಯಿ, ಶಂಕರಪಾಳಿ, ಚಕ್ಕಲಿ, ಬೇಸನ್ ಉಂಡಿ, ಎಂದಿನ ಹಾಗೆ. ಮಾದೇವಿ ಮೆಲ್ಲಗೆ ಬಾಯಿ ಹಾಕಿದಳು.

"ಈ ಸಲ ಚಾಕಲೇಟ ಬಿಸ್ಕೀಟನೂ ಮಾಡೂಣ್ರಿ ಅತ್ತಿ. ಭಾಳ ಸರಳ ಅದಾವ್ರಿ. ಮೈದಾ, ಪುಡಿ ಸಕ್ಕರಿ, ಡಾಲ್ಡಾ, ಕೋಕೋ ಪುಡಿ. ಪಾಕ ಹಿಡ್ಯೂದಿಲ್ಲ, ಕರಿಯೂದಿಲ್ಲ."

"ತತ್ತಿ?" ಅಂತ ಕೇಳಿದೆ.

"ತತ್ತಿ ಹಾಕಲಾರದ ಮಾಡಾಕ ಬರತೈತ್ರಿ."

ಬೆಳಗಾವಿಯಲ್ಲಿ ಅವಳ ತವರಿನ ಬಾಜೂ ಮನೆಯಲ್ಲಿ ಒಬ್ಬ ನರ್ಸಬಾಯಿ ಇದ್ದರಂತೆ, ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ ಡಬ್ಬಿಗಟ್ಟಲೆ ಮಾಡಿ ಓಣಿಗೆಲ್ಲ ಹಂಚುತ್ತಿದ್ದರಂತೆ. ಅವರ ಹತ್ತಿರ ಕಲಿತದ್ದು. ನಾನು ನಕ್ಕೆ. "ಮುಧೋಳದ ತಂಗೆವ್ವ ಅದನ್ನ ಮೂಸಿನೂ ನೋಡೂದಿಲ್ಲ" ಅಂದೆ.

ತಂಗೆವ್ವ ನನ್ನ ನಾದಿನಿ, ನಮ್ಮವರ ತಂಗಿ. ಪ್ರತಿ ದೀಪಾವಳಿಗೆ ಅಣ್ಣನಿಗೆ ಆರತಿ ಮಾಡಲು ಬರುತ್ತಾಳೆ. ನಾನು ಈ ಮನೆಗೆ ಬಂದಾಗಿನಿಂದ ಅವಳು ನನ್ನ ಕೈಯ ಯಾವುದನ್ನೂ ಎರಡನೇ ಸಲ ಕೇಳಿದವಳಲ್ಲ. ಒಂದು ತಿನ್ನುತ್ತಾಳೆ, ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಾಳೆ, "ಹ್ಞೂಂ, ಆಗೇತಿ" ಅನ್ನುತ್ತಾಳೆ. ನನ್ನ ಕರ್ಚಿಕಾಯಿಗೆ ಅರ್ಧ ಜಮಖಂಡಿ ಬಾಯಿ ಬಿಡುತ್ತದೆ. ಅವಳಿಗೆ ಮಾತ್ರ ಆಗೇತಿ.

ನನ್ನ ಬಾಯಿಂದ ಪಟ್ಟನೆ ಬಂತು. "ತಂಗೆವ್ವ ತನ್ನ ಬಾಯಿಲೇ ಇನ್ನೊಂದ ಕೊಡ್ರಿ ಅಂದ್ರ ನೀ ಬಿಳಗಿಗಿ ಹೋಗು. ಕೇಳಲಿಲ್ಲಂದ್ರ ಆ ಕಾಗದಾ ಜಗಲಿ ಮ್ಯಾಲಿಂದ ತಗೀಬೇಕು."

"ಖರೇನ್ರಿ ಅತ್ತಿ?"

"ಖರೆ."

ನಮ್ಮವರು ರೊಟ್ಟಿ ಮುರಿಯುತ್ತ ಕೂತಿದ್ದರು. "ನಾ ಸಾಕ್ಷಿ" ಅಂದರು. ಬೆಲ್ಲದ ದರ ಬಿಟ್ಟು ಬೇರೆ ಮಾತು ಅವರ ಬಾಯಿಂದ ಬಂದದ್ದು ಈ ತಿಂಗಳಲ್ಲಿ ಇದೇ ಮೊದಲು.

೧೮ ಅಕ್ಟೋಬರ್

ಬನ್ನಿ ಹಬ್ಬ ಮುಗಿಯಿತು. ಮಾದೇವಿಯ ಅಣ್ಣ ಬೆಳಗಾವಿಯಿಂದ ಬಂದು ಕೋಕೋ ಪುಡಿಯ ಡಬ್ಬಿ ಕೊಟ್ಟು ಹೋದ. ನಾನು ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿ ಇಟ್ಟೆ. ಇಡುವ ಮೊದಲು ಮುಚ್ಚಳ ತೆಗೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಥೂ, ಕಷಾಯದಷ್ಟು ಕಹಿ. ಮನಸ್ಸಿಗೆ ಬಹಳ ಸಮಾಧಾನವಾಯಿತು.

ಮಧ್ಯಾಹ್ನ ಅವಳು ಹುಡುಕಿದಳು. "ಇಲಿ ಎಳಕೊಂಡ ಹೋಗಿರಬೇಕು" ಅಂದೆ.

ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿ ತೆಗೆದಳು. ತಿರುಗಿಸಿ ನೋಡಿದಳು. "ಭಾಳ ಶಾಣ್ಯಾ ಇಲಿರಿ ಅತ್ತಿ. ಮುಚ್ಚಳ ತಗದು ತಿಂದು ಮತ್ತ ಬಿಗಿ ಮಾಡಿ ಇಟ್ಟೈತಿ." ಆಮೇಲೆ ನನ್ನ ಮುಖ ನೋಡಿ, "ಮೀಸಿ ಒರಸ್ಕೋರಿ" ಅಂದಳು.

ಕನ್ನಡಿ ನೋಡಿದೆ. ಮೇಲ್ದುಟಿಯ ಮೇಲೆ ಕಂದು ಪುಡಿ.

೨೨ ಅಕ್ಟೋಬರ್

ಮನೆಯಲ್ಲೇ ಒಂದು ಸಲ ಮಾಡಿ ನೋಡಿದಳು. ಹಳೆಯ ಪಾತೇಲಿಯಲ್ಲಿ ಉಸುಕು ಹಾಕಿ, ಉಸುಕಿನ ಮೇಲೆ ತಾಟು ಇಟ್ಟು, ಮುಚ್ಚಳದ ಮೇಲೆ ಕೆಂಡ. ಡಾಲ್ಡಾ ಮತ್ತು ಸಕ್ಕರೆಯನ್ನು ಕೈಯಿಂದ ತಿಕ್ಕಿ ತಿಕ್ಕಿ ಬೆಣ್ಣೆಯ ಹಾಗೆ ಮಾಡಿದಳು, ಮೈದಾ ಮತ್ತು ಕೋಕೋ ಜರಡಿ ಹಿಡಿದಳು, ಚಿಟಿಕೆ ಸೋಡಾ, ಎರಡು ಚಮಚ ಹಾಲು. ಉಂಡೆ ಕಟ್ಟಿ ಅಂಗೈಯಲ್ಲಿ ಚಪ್ಪಟೆ ಮಾಡಿದಳು. ಹಸಿಯಿದ್ದಾಗ ಕುಳ್ಳಿನ ಚೂರುಗಳ ಹಾಗೆ ಕಾಣುತ್ತಿದ್ದವು. ಹಾಗಂತ ಹೇಳಿಯೂ ಹೇಳಿದೆ.

ತಪ್ಪು ಹುಡುಕಲು ಒಂದು ತಿಂದೆ. ಸಿಗಲಿಲ್ಲ. ಇನ್ನೊಂದು ತಿಂದೆ. ಮೂರನೆಯದರಲ್ಲಿ ಸ್ವಲ್ಪ ಸೋಡಾ ಹೆಚ್ಚಾಗಿದೆಯೇನೋ ಅನಿಸಿತು, ಖಾತ್ರಿ ಮಾಡಿಕೊಳ್ಳಲು ನಾಲ್ಕನೆಯದು. ಅಷ್ಟರಲ್ಲಿ ತಾಟು ಖಾಲಿ.

"ಹೆಂಗ ಆಗ್ಯಾವ್ರಿ?" ಅಂತ ಕೇಳಿದಳು.

"ಹ್ಞೂಂ, ಆಗ್ಯಾವು" ಅಂದೆ.

ಇದು ಗೆಲ್ಲುವ ಬಿಸ್ಕೀಟು. ಏನಾದರೂ ಮಾಡಬೇಕು.

೨೭ ಅಕ್ಟೋಬರ್

ಮಾಡಿದೆ.

ಹಬ್ಬದ ಮುಂದೆ ಊರಿನ ಹೆಂಗಸರೆಲ್ಲ ಮೈದಾ, ಸಕ್ಕರೆ, ಡಾಲ್ಡಾ ಹೊತ್ತುಕೊಂಡು ಧರೆಪ್ಪನ ಬೇಕರಿಗೆ ಹೋಗುವುದು ರೂಢಿ. ಸಾಮಾನು ನಮ್ಮದು, ಭಟ್ಟಿ ಅವನದು. ಅಲ್ಲೇ ಕೂತು ಖಟಾಯಿ ಬಿಸ್ಕೀಟು ಕಟ್ಟಿ ತಗಡಿನ ಮೇಲೆ ಇಟ್ಟರೆ ಅವನು ಬೇಯಿಸಿ ಕೊಡುತ್ತಾನೆ. ಒಬ್ಬರದು ಇನ್ನೊಬ್ಬರಿಗೆ ಹೋಗಬಾರದೆಂದು ಪ್ರತಿ ಮನೆಯವರೂ ಹಸಿ ಖಟಾಯಿಯ ಮೇಲೆ ತಮ್ಮ ಗುರುತು ಒತ್ತುತ್ತಾರೆ. ಒಬ್ಬರದು ನೂಲಿನ ರೀಲು, ಒಬ್ಬರದು ಹಣಿಗೆ, ಒಬ್ಬರದು ಬಾಟಲಿಯ ಬಿರಡೆ. ನಮ್ಮ ಮನೆಯದು ನನ್ನ ಟೊಂಕದಲ್ಲಿರುವ ಕಪಾಟಿನ ಕೀಲಿಕೈ. ಅದರ ಹಿಂದಿನ ಬಳೆಯನ್ನು ಒತ್ತಿದರೆ ನಡುವೆ ಹೂವಿನ ಹಾಗೆ ಮೂಡುತ್ತದೆ.

ಮಾದೇವಿ ಕರಿ ಬಿಸ್ಕೀಟುಗಳನ್ನು ತಗಡಿನ ಮೇಲೆ ಸಾಲಾಗಿ ಇಟ್ಟು ಕೈ ಚಾಚಿದಳು. "ಕೀಲಿಕೈ ಕೊಡ್ರಿ ಅತ್ತಿ."

"ಇಂಥಾ ಕರೇವುಕ್ಕ ನನ್ನ ಮನಿ ಗುರತಾ? ಬ್ಯಾರೆ ಏನರ ಒತ್ತು" ಅಂದೆ. ಪೆನ್ನಿನ ಟೊಪ್ಪಿಗೆ ತೆಗೆದು ಅದನ್ನೇ ಒತ್ತಿದಳು. ಮಾಸ್ತರಿಕೆಯ ಬುದ್ಧಿ.

ಅವಳು ಕೈ ತೊಳೆಯಲು ಹಿಂದೆ ಹೋದಾಗ ಧರೆಪ್ಪನ ಹತ್ತಿರ ಹೋಗಿ ಹೇಳಿದೆ. "ನಮ್ಮ ಮನ್ಯಾಗ ಹಸಿಬಿಸಿ ಯಾರೂ ತಿನ್ನೂದಿಲ್ಲ ಧರೆಪ್ಪಾ. ಛಲೋತಂಗ ಕೆಂಪಾಗೂಮಟಾ ತಗೀಬ್ಯಾಡ."

"ಆತ್ರಿ ಅಕ್ಕಾರ" ಅಂದ. ಧರೆಪ್ಪ ಬೇಯಿಸುವುದೆಲ್ಲ ಕಣ್ಣಿನ ಅಳತೆಯಲ್ಲಿ. ಖಟಾಯಿ ಕೆಂಪಗಾಯಿತೋ ತೆಗೆದ. ಮೊದಲೇ ಕರ್ರಗಿರುವುದು ಎಲ್ಲಿಂದ ಕೆಂಪಾಗಬೇಕು? ಪಾಪ, ಬಗ್ಗಿ ನೋಡುತ್ತಾನೆ, ಇನ್ನೂ ಆಗಿಲ್ಲ ಅನ್ನುತ್ತಾನೆ, ಮತ್ತೆ ಒಳಗೆ ದೂಡುತ್ತಾನೆ. ಬಾಜೂ ತಗಡಿನ ಖಟಾಯಿ ಕೆಂಪಾಗಿ ಹೊರಗೆ ಬಂದವು. ಅದರ ಹಿಂದಿನವೂ ಬಂದವು. ನಮ್ಮವು ಒಳಗೇ ಇದ್ದವು.

ಕೊನೆಗೆ ಹೊಗೆ ಬಂತು. ತಗಡು ಹೊರಗೆ ಎಳೆದರೆ ಇದ್ದಿಲು. ಒಂದು ಕೆಳಗೆ ಬಿದ್ದು ಠಣ್ ಅಂತ ಸದ್ದು ಮಾಡಿತು.

೨೮ ಅಕ್ಟೋಬರ್

ಗೆದ್ದೆ. ಊಟ ಸೇರಲಿಲ್ಲ.

೨೯ ಅಕ್ಟೋಬರ್

ನಿನ್ನೆ ಹೆಚ್ಚು ಬರೆಯಲಾಗಲಿಲ್ಲ. ಮಾದೇವಿ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಒಂದು ಇದ್ದಿಲನ್ನು ಮುರಿದು, ನಡುವಿನದನ್ನು ಉಗುರಿನಿಂದ ಕೆರೆದು ನೆಕ್ಕಿ, "ಒಳಗ ರುಚಿ ಐತ್ರಿ" ಅಂದಳು. ಉಳಿದದ್ದನ್ನೆಲ್ಲ ಕುಟ್ಟಿ ಮಾವನ ಹಲ್ಲುಪುಡಿಯ ಡಬ್ಬಿಗೆ ತುಂಬಿದಳು. ನಮ್ಮವರು ಬೆಳಿಗ್ಗೆ ಹಲ್ಲು ತಿಕ್ಕಿ, "ಈ ಪುಡಿ ಸಿಹಿ ಐತಲ್ಲ, ಎಲ್ಲಿ ತಂದೀರಿ?" ಅಂತ ಕೇಳಿದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಗಬಾರದೆಂದು ಎಷ್ಟು ತಡೆದರೂ ನಕ್ಕುಬಿಟ್ಟೆ.

ಇಲ್ಲಿ ಖರೆ ಬರೆಯಬೇಕು. ಮಧ್ಯಾಹ್ನ ಗಂಡಸರು ಹೊರಗೆ ಹೋದ ಮೇಲೆ ನಾವಿಬ್ಬರೇ. ಅವಳು ಪೇಪರು ಓದುತ್ತಾಳೆ, ನಾನು ಕಾಳು ಹಸನು ಮಾಡುತ್ತೇನೆ, ನಡುನಡುವೆ ಓಣಿಯವರನ್ನು ಆಡಿಕೊಳ್ಳುತ್ತೇವೆ. ಅವಳು ಬರುವ ಮೊದಲು ಆ ಹೊತ್ತು ನನ್ನನ್ನು ತಿನ್ನುತ್ತಿತ್ತು. ಅವಳು ಬಿಳಗಿಗೆ ಹೋದರೆ ನಾನು ಯಾರ ಹತ್ತಿರ ಮಾತಾಡಲಿ? ಬಸ್ಸು, ಮರ್ಯಾದೆ ಎಲ್ಲ ಬಾಯಿಗೆ ಬಂದ ಮಾತು. ನನಗೆ ಒಬ್ಬಳೇ ಕೂಡಲು ಹೆದರಿಕೆ.

ನಾನೂ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳೇ. ಧಾರವಾಡದ ಶಿಕ್ಷಕಿಯರ ಟ್ರೇನಿಂಗ್ ಸಾಲೆಯಿಂದ ಕಾಗದ ಬಂದಿತ್ತು. ಅಪ್ಪ ನೋಡಿ ಒಲೆಗೆ ಹಾಕಿದ, ಆ ವರ್ಷವೇ ಮದುವೆಯಾಯಿತು. ನನಗೆ ಅದನ್ನು ಜಗಲಿಯ ಮೇಲೆ ಇಡುವ ಉಪಾಯ ಹೊಳೆಯಲಿಲ್ಲ.

ಸಾಕು. ಇವತ್ತು ಎಣ್ಣೆ ಒಳ್ಳೆಯದು ಬಂದಿದೆ, ನಾಳೆ ಚಕ್ಕಲಿಗೆ ಕೂಡಬೇಕು.

೨ ನವೆಂಬರ್

ಕೋಕೋ ಡಬ್ಬಿಯ ತಳದಲ್ಲಿ ಇನ್ನೊಂದು ತಗಡಿಗೆ ಆಗುವಷ್ಟು ಉಳಿದಿತ್ತು. ಕೊನೆಯದು. ನಮ್ಮ ಬಿಳಿ ಖಟಾಯಿಯನ್ನೂ ಬೇಯಿಸಬೇಕಿತ್ತು, ಅದಕ್ಕೆ ನಾನೂ ಜೊತೆಗೆ ಹೋದೆ. ಇಲ್ಲದಿದ್ದರೆ ನಾನೇಕೆ ಹೋಗಲಿ.

ಬೇಕರಿಯಲ್ಲಿ ಕಾಲಿಡಲು ಜಾಗವಿಲ್ಲ. ಮಾದೇವಿ ಪೆನ್ನಿನ ಟೊಪ್ಪಿಗೆ ತೆಗೆದಳು. ಇಷ್ಟು ತಗಡುಗಳ ನಡುವೆ ಆ ಸಣ್ಣ ಗುಂಡಿ ಯಾರಿಗೆ ಕಾಣುತ್ತದೆ? ಅದಲುಬದಲಾದರೆ ಸುಮ್ಮನೆ ಜಗಳ. ಟೊಂಕದಿಂದ ಕೀಲಿಕೈ ಬಿಚ್ಚಿ ನಾನೇ ಒಂದೊಂದರ ಮೇಲೂ ಒತ್ತಿದೆ. ಜಗಳ ಬೇಡ ಅಂತ, ಅಷ್ಟೇ.

ತಗಡು ಒಳಗೆ ಹೋಯಿತು. ಮಾದೇವಿ ಹಿಂದೆ ಸಕ್ಕರೆ ಡಬ್ಬಿ ತೊಳೆಯುತ್ತಿದ್ದಳು. ನಾನು ಭಟ್ಟಿಯ ಬಾಯಿಯ ಹತ್ತಿರ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆ ವಾಸನೆ ಬಂತು, ಮೊನ್ನೆ ಮನೆಯಲ್ಲಿ ಪಾತೇಲಿಯ ಮುಚ್ಚಳ ತೆಗೆದಾಗ ಬಂದಂಥದ್ದು. ಧರೆಪ್ಪ ಬಗ್ಗಿ ನೋಡಿ, "ಇನ್ನಾ ಕೆಂಪಾಗಿಲ್ಲ" ಅಂತ ಮತ್ತೆ ದೂಡಿದ.

ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ನಾನು ಏನೂ ಮಾಡಬೇಕಾಗಿಯೇ ಇರಲಿಲ್ಲ. ಆದರೆ ಅದರ ಮೇಲೆ ನನ್ನ ಮನೆಯ ಕೀಲಿಕೈ ಒತ್ತಿದೆ, ಊರಿನ ಹೆಂಗಸರೆಲ್ಲ ನೋಡುತ್ತಿದ್ದಾರೆ.

"ತಗಿಯೋ ಧರೆಪ್ಪಾ! ಲೇ, ಮದ್ಲ ತಗಿ ಅದನ್ನ!"

ಧರೆಪ್ಪ ಗಾಬರಿಯಿಂದ ತಗಡು ಎಳೆದ. "ನೀವ ಹೇಳಿದ್ರೆಲ್ಲರಿ ಅಕ್ಕಾರ, ಛಲೋತಂಗ ಕೆಂಪಾಗೂಮಟಾ ತಗೀಬ್ಯಾಡ ಅಂತ?"

ತಿರುಗಿ ನೋಡಿದರೆ ಮಾದೇವಿ ಬಾಗಿಲಲ್ಲಿ ತೊಳೆದ ಡಬ್ಬಿ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಮನೆಗೆ ಹೊರಟೆವು. ಡಬ್ಬಿ ನಡುವೆ, ಆ ಕಡೆಯ ಹಿಡಿಕೆ ಅವಳದು, ಈ ಕಡೆಯದು ನನ್ನದು. ಓಣಿಯ ತಿರುವಿನಲ್ಲಿ ಅವಳು, "ನೀವು ಒದರಿದ ದನಿ ಬಿಳಗಿತನಕಾ ಕೇಳಿಸಿರಬೇಕ್ರಿ ಅತ್ತಿ" ಅಂದಳು. ಅಷ್ಟೇ ಅಂದಳು. ನನಗೆ ಅವಳ ಕೈ ಹಿಡಿದುಕೊಳ್ಳಬೇಕು ಅನಿಸಿತು. ಡಬ್ಬಿ ಇತ್ತಲ್ಲ, ಹೇಗೆ ಹಿಡಿಯಲಿ.

೫ ನವೆಂಬರ್, ಪಾಡ್ಯ

ತಂಗೆವ್ವ ಬಂದಳು. ಮಗನನ್ನು ಬಸ್ ಸ್ಟ್ಯಾಂಡಿಗೆ ಕಳಿಸಿ ಕರೆಸಿದೆ.

ನಾನು ಪಂಥ ಬಿಟ್ಟಿಲ್ಲ. ಅದಕ್ಕೇ ಮೊದಲು ಹೋಳಿಗೆ ಮಾಡಿದೆ. ಒಂದರ ಮೇಲೆ ಒಂದು ಹಾಕಿ ತುಪ್ಪ ಸುರಿದೆ. "ಸಾಕ್ರಿ ವೈನಿ" ಅಂದರೂ ಬಿಡಲಿಲ್ಲ, ಅಣ್ಣನ ಆಣೆ ಹಾಕಿ ಬಡಿಸಿದೆ. ಹೊಟ್ಟೆಯಲ್ಲಿ ಎಳ್ಳಿನಷ್ಟು ಜಾಗ ಉಳಿಯಬಾರದು ಎಂಬುದು ನನ್ನ ಲೆಕ್ಕ. ಆಮೇಲೆ ಫರಾಳದ ತಾಟು. ಮಾದೇವಿ ನಡುವೆ ಕರಿ ಬಿಸ್ಕೀಟು ಇಟ್ಟಿದ್ದಳು, ಕೀಲಿಕೈಯ ಹೂವು ಮೇಲೆ ಮಾಡಿ.

ತಂಗೆವ್ವ ಒಂದು ತೆಗೆದಳು. ಮುರಿದಳು. ತಿಂದಳು. ಮಾದೇವಿ ಅವಳ ಬಾಯಿಯನ್ನೇ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ.

ಸೆರಗಿಗೆ ಬೆರಳು ಒರೆಸಿಕೊಂಡಳು. "ಹ್ಞೂಂ, ಆಗೇತಿ."

ಮಾದೇವಿ ತಾಟು ಎತ್ತಿಕೊಂಡು ಒಳಗೆ ಹೋದಳು. ಸಂಜೆ ಜಗಲಿಯ ಮುಂದೆ ದೀಪ ಹಚ್ಚುವಾಗ ಆ ಕಾಗದದ ಮೇಲೆ ಕೈಯಿಟ್ಟದ್ದು ಕಂಡೆ. "ಈಗ ಬ್ಯಾಡ. ತಂಗೆವ್ವ ಹೋಗೂಮಟಾ ಪಂಥ ಐತಿ" ಅಂತ ಗದರಿದೆ. ನಿಯಮ ಅಂದರೆ ನಿಯಮ.

೬ ನವೆಂಬರ್, ಬಿದಿಗೆ

ಆರತಿಯಾಯಿತು. ನಮ್ಮವರು ತಂಗಿಗೆ ಇಳಕಲ್ ಸೀರೆ ಕೊಟ್ಟರು.

ಮಧ್ಯಾಹ್ನ ಎಲ್ಲರೂ ಮಲಗಿದ್ದರು. ನೀರು ಕುಡಿಯಲು ಅಡುಗೆಮನೆಗೆ ಹೋದೆ. ಯಾರು ಕಂಡರು ಅಂತೀರಿ? ತಂಗೆವ್ವ. ಬಿಸ್ಕೀಟಿನ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಾಯಲ್ಲಿ ಒಂದು, ಸೆರಗಿನಲ್ಲಿ ಮೂರು. ನಾನು ಬಂದ ಹಾಗೇ ಹಿಂದೆ ಸರಿದೆ. ಆಮೇಲೆ ಡಬ್ಬಿ ತೆಗೆದು ನೋಡಿದೆ, ಅರ್ಧಕ್ಕೆ ಬಂದಿದೆ. ನಿನ್ನೆಯಿಂದಲೇ ನಡೆದಿದೆ ಈ ದಂಧೆ!

ಈ ಜನ್ಮದಲ್ಲಿ ಅವಳು ಬಾಯಿ ಬಿಟ್ಟು ಕೇಳುವವಳಲ್ಲ. ಕದ್ದು ತಿಂದರೂ ಆಗೇತಿಯೇ. ಹೀಗೆ ಬಿಟ್ಟರೆ ನಾಳೆ ಡಬ್ಬಿ ಖಾಲಿ, ಅವಳು ಬಸ್ಸಿಗೆ, ಪಂಥ ನನ್ನದು.

ಡಬ್ಬಿಯನ್ನು ಎತ್ತಿ ಪಡಸಾಲೆಯ ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದೆ. ಮನೆಯಲ್ಲಿ ಇಲಿಗಳ ಕಾಟ ಬಹಳವಾಗಿದೆ.

ಸಂಜೆಯಿಂದ ತಂಗೆವ್ವ ಕಪಾಟನ್ನು ಸುತ್ತುತ್ತಿದ್ದಾಳೆ. "ಕಪಾಟಿನ್ಯಾಗ ಅಡಕಿ ಏನರ ಅದಾವೇನ್ರಿ ವೈನಿ?" ಅಂತ ಕೇಳಿದಳು. ಅಡಕಿ ಎಲೆಯ ತಟ್ಟೆಯಲ್ಲೇ ಇದೆ ಅಂತ ತೋರಿಸಿದೆ. ಆಮೇಲೆ ಸೂಜಿ ಬೇಕೆಂದಳು. ಸೂಜಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿತ್ತು, ತೆಗೆದು ಕೊಟ್ಟೆ. ಏನು ಹೊಲಿಯಬೇಕೆಂದು ತಿಳಿಯದೆ ಸೂಜಿ ಹಿಡಿದು ಕೂತಳು. ಇಷ್ಟು ಛಲೋ ದೀಪಾವಳಿ ನನಗೆ ಎಂದೂ ಆಗಿರಲಿಲ್ಲ.

೭ ನವೆಂಬರ್

ನಾನು ಸೋತೆ.

ತಂಗೆವ್ವನ ಚೀಲ ಹೊರಗೆ ಬಂತು, ಮಗ ರಿಕ್ಷಾ ತಂದ. ಕುಂಕುಮ ಹಚ್ಚಿದೆ. ಹೊಸ್ತಿಲು ದಾಟಿದಳು, ನಿಂತಳು, ಚಪ್ಪಲಿ ಮೆಟ್ಟಿಕೊಂಡಳು, ಮತ್ತೆ ಬಿಟ್ಟಳು.

"ವೈನಿ..." ಅಂದಳು, ನೆಲ ನೋಡುತ್ತ. "ಆ ಕರೇವು ಇನ್ನಾ ನಾಕ ಇದ್ರ ಕೊಡ್ರಿ. ದಾರಿಗಿ."

ಮಾದೇವಿ ಅಡುಗೆಮನೆಯಲ್ಲಿ ಭಾಂಡೆ ಬೆಳಗುತ್ತಿದ್ದಳು, ಅಲ್ಲಿಗೆ ಇಷ್ಟು ಸಣ್ಣ ದನಿ ಮುಟ್ಟುವುದಿಲ್ಲ. ನನಗೂ ಈಚೆಗೆ ಕಿವಿ ಸ್ವಲ್ಪ ಮಂದ.

"ಏನಂದಿ? ಕೇಳಿಸಲಿಲ್ಲ."

"ಬಿಸ್ಕೀಟ್ರಿ."

"ಏನ ಬೇಕು?"

"ಚಾಕಲೇಟ ಬಿಸ್ಕೀಟ ಇನ್ನಾ ನಾಕ ಕೊಡ್ರಿ ಅಂದ್ನಿ! ಕಿವುಡ ಆದ್ರೇನ ವೈನಿ?"

ಓಣಿಗೆಲ್ಲ ಕೇಳಿಸಿತು. ಒಳಗೆ ಭಾಂಡೆಯೊಂದು ಕೈ ಜಾರಿ ಬಿದ್ದ ಸದ್ದಾಯಿತು. ಮಾದೇವಿ ಬೂದಿಗೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು. ನಮ್ಮವರು ಮೂಲೆಯಲ್ಲಿ ಚಪ್ಪಲಿ ಹುಡುಕುತ್ತಿದ್ದವರು ನೆಟ್ಟಗಾಗಿ, "ಶಿವವ್ವಾ, ಸೋತಿ ನೋಡು. ನಾ ಸಾಕ್ಷಿ" ಅಂದರು. ತಂಗೆವ್ವನಿಗೆ ಏನೂ ತಿಳಿಯಲಿಲ್ಲ. ನಾಲ್ಕು ಕೇಳಿದ್ದಳು, ಡಬ್ಬಿಯ ಅರ್ಧ ಕಟ್ಟಿ ಕೊಟ್ಟೆ.

ಕೊಟ್ಟ ಮಾತಿಗೆ ತಪ್ಪುವವಳಲ್ಲ ನಾನು. ಹೋಗು ಅಂದೆ. ಆಗ ಅತ್ತಳು ಮಾದೇವಿ, ಎಂದೂ ಅಳದವಳು. ನನ್ನ ಕಾಲು ಹಿಡಿಯಲು ಬಂದು ಸೀರೆಗೆಲ್ಲ ಬೂದಿ ಮಾಡಿದಳು. ನನ್ನ ಕಣ್ಣಿಗೂ ಆ ಬೂದಿಯೇ ಹಾರಿದ್ದು.

೧೪ ನವೆಂಬರ್, ಸೋಮವಾರ

ಹೋದಳು. ಬೆಳಿಗ್ಗೆ ಟ್ರಂಕಿನ ಸೀರೆ ಬೇಡ, ಕಪಾಟಿನ ನೀಲಿ ಸೀರೆ ಉಡುತ್ತೇನೆ ಅಂತ ಕೀಲಿಕೈ ಇಸಿದುಕೊಂಡಳು. ಜಗಲಿಯ ಮೇಲಿನ ಆರ್ಡರನ್ನು ನಾನೇ ತೆಗೆದು ಕೊಟ್ಟೆ, ಮೇಲೆ ಬಿದ್ದ ಭಸ್ಮ ಜಾಡಿಸಿ. ಬಸ್ಸಿನಲ್ಲಿ ಕಿಟಕಿಯ ಕಡೆ ಕೂಡು, ಗಾಳಿ ಬರುತ್ತದೆ ಅಂತ ಹೇಳಿದೆ.

ಮಧ್ಯಾಹ್ನ ಪೇಪರು ತೆಗೆದು ನಾನೇ ಗಟ್ಟಿಯಾಗಿ ಓದಿಕೊಂಡೆ. ನನ್ನ ದನಿ ನನಗೇ ಸೇರಲಿಲ್ಲ. ಕಾಳು ಹಸನು ಮಾಡಿದೆ. ಓಣಿಯ ಲಕ್ಷ್ಮವ್ವ ಹೊಸ ಸೀರೆ ಉಟ್ಟು ದುಡುದುಡು ಹೋದಳು, ಆಡಿಕೊಳ್ಳಲು ಎಷ್ಟು ಒಳ್ಳೆಯ ಸಂಗತಿ, ಜೊತೆಗೆ ಯಾರೂ ಇಲ್ಲ.

ಡಬ್ಬಿಯನ್ನಾದರೂ ತೊಳೆದಿಡೋಣ ಅಂತ ಕಪಾಟು ತೆಗೆದೆ. ಎಲ್ಲ ಮುಗಿದಿವೆ ಅಂದುಕೊಂಡಿದ್ದೆ. ತಳದಲ್ಲಿ ಒಂದು ಸಣ್ಣ ಪೊಟ್ಟಣ. ಮೇಲೆ ಮಾಸ್ತರಿಕೆಯ ದುಂಡು ಅಕ್ಷರದಲ್ಲಿ ಬರೆದಿದ್ದಳು: ಇಲಿಗೆ.

ಒಳಗೆ ಒಂದೇ ಒಂದು ಬಿಸ್ಕೀಟು, ನಡುವೆ ನನ್ನ ಕೀಲಿಕೈಯ ಹೂವು. ಹೊಸ್ತಿಲ ಮೇಲೆ ಕೂತು, ದಾರಿ ನೋಡುತ್ತ ಮೆಲ್ಲಗೆ ತಿಂದೆ. ಸೆರಗಿಗೆ ಬೆರಳು ಒರೆಸಿಕೊಳ್ಳಲಿಲ್ಲ, ನೆಕ್ಕಿದೆ. ಇನ್ನೊಂದು ಬೇಕು ಅನಿಸಿತು.

ಸಂಜೆಯ ಬಸ್ಸಿಗೆ ಬರುತ್ತಾಳೆ. ಬಂದ ಕೂಡಲೇ ಬಾಯಿ ಬಿಟ್ಟು ಕೇಳುತ್ತೇನೆ.